ಇನ್ನೊಂದು ತುತ್ತು ಎನ್ನುವುದನ್ನು ನಿಲ್ಲಿಸಿ ನೋಡಿ

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಮಗಳಿಗೆ ನಾಲ್ಕು ವರ್ಷ, ತೂಕ 14 ಕಿಲೋ. ಬೆಳ್ತಿಗೆ ಅನ್ನ ಮೊಸರು, ಸಕ್ಕರೆ ಹಾಕಿದ ನೀರುದೋಸೆ, ಬಿಸ್ಕತ್ತು, ದಿನಕ್ಕೆ ನಾಲ್ಕೈದು ಲೋಟ ಹಾಲು. ಇಷ್ಟೇ ಅವಳ ಊಟ. ತರಕಾರಿ ಕಂಡರೆ ಬಟ್ಟಲು ದೂಡುತ್ತಾಳೆ. ಫೋನ್ ಕೊಟ್ಟರೆ ನಾಲ್ಕು ತುತ್ತು ಹೋಗುತ್ತದೆ, ಇಲ್ಲದಿದ್ದರೆ ಒಂದು ಗಂಟೆ ಹಿಂದೆ ಓಡಬೇಕು. ಅಂಗನವಾಡಿಯಲ್ಲಿ ಗಂಜಿ, ಹೆಸರುಕಾಳಿನ ಪಲ್ಯ ಎಲ್ಲ ತಿನ್ನುತ್ತಾಳೆ ಎಂದು ಟೀಚರ್ ಹೇಳುತ್ತಾರೆ, ಮನೆಯಲ್ಲಿ ಅದನ್ನೇ ಮಾಡಿದರೆ ಮುಟ್ಟುವುದಿಲ್ಲ. "ಹೊಟ್ಟೆಗೆ ಏನಾದರೂ ಹೋಗಲಿ" ಎಂದು ಅತ್ತೆ ಬಿಸ್ಕತ್ತು ಕೊಡುತ್ತಾರೆ. ನಮ್ಮಲ್ಲಿ ಮೊಟ್ಟೆ, ಮೀನು ಇಲ್ಲ. ಹಸಿವಾಗುವ ಟಾನಿಕ್ ಕೊಡಬಹುದಾ?

ಉತ್ತರ: ಮೊದಲು ತೂಕದ ಮಾತು ಮುಗಿಸೋಣ. ಗಾಬರಿ ಹುಟ್ಟುವುದೇ ಅಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ನಾಲ್ಕು ತುಂಬಿದ ಹೆಣ್ಣುಮಗುವಿನ ನಡುಮಟ್ಟದ ತೂಕ ಸುಮಾರು 16 ಕಿಲೋ. 12.3ಕ್ಕಿಂತ ಕೆಳಗಿದ್ದರೆ ಕಡಿಮೆ ತೂಕ ಎನ್ನುತ್ತೇವೆ. ನಿಮ್ಮ ಮಗಳು 14. ಸಪೂರ ಇದ್ದಾಳೆ, ಅಷ್ಟೇ. ಒಂದು ದಿನದ ತೂಕಕ್ಕಿಂತ ಅಂಗನವಾಡಿಯಲ್ಲಿ ಬರೆಯುವ ಬೆಳವಣಿಗೆಯ ಗೆರೆ ಮುಖ್ಯ. ಟೀಚರಲ್ಲಿ ಕೇಳಿ ನೋಡಿ. ಗೆರೆ ಅದರ ಪಾಡಿಗೆ ಮೇಲೆ ಹೋಗುತ್ತಿದ್ದರೆ, ಮಗು ಓಡಾಡಿಕೊಂಡು ಆಡುತ್ತಿದ್ದರೆ, ಅವಳು ಉಪವಾಸ ಇಲ್ಲ ಎಂದೇ ಲೆಕ್ಕ.

"ಒಂದು ವರ್ಷದವಳಿದ್ದಾಗ ಕೊಟ್ಟದ್ದೆಲ್ಲ ತಿನ್ನುತ್ತಿದ್ದಳು, ಈಗ ಏನಾಯಿತೋ" ಎಂದು ತುಂಬ ತಾಯಂದಿರು ಹೇಳುತ್ತಾರೆ. ಆಗಿರುವುದು ಇಷ್ಟು. ಹುಟ್ಟುವಾಗ ಮೂರು ಕಿಲೋ ಇದ್ದ ಮಗು ಒಂದು ವರ್ಷಕ್ಕೆ ಒಂಬತ್ತರ ಹತ್ತಿರ ಬರುತ್ತದೆ. ಎರಡನೇ ವರ್ಷದಲ್ಲಿ ಏರುವುದು ಎರಡು, ಎರಡೂವರೆ ಕಿಲೋ. ಆಮೇಲೆ ವರ್ಷಕ್ಕೆ ಎರಡರ ಆಸುಪಾಸು. ಬೆಳೆಯುವ ವೇಗ ಇಷ್ಟು ಇಳಿದ ಮೇಲೆ ಹಸಿವೂ ಇಳಿಯಲೇಬೇಕು, ಅಲ್ವಾ? ನಾವು ಮಾತ್ರ ಬಟ್ಟಲಿನ ಅಳತೆ ಇಳಿಸುವುದಿಲ್ಲ. ನಾಲ್ಕು ವರ್ಷದ ಮಗುವಿಗೆ ಯಾವುದೇ ಪದಾರ್ಥ ಬಡಿಸುವಾಗ ವರ್ಷಕ್ಕೊಂದರಂತೆ ದೊಡ್ಡ ಚಮಚದಲ್ಲಿ ನಾಲ್ಕು ಚಮಚ ಸಾಕು. ಬೇಕಿದ್ದರೆ ಕೇಳಿ ಹಾಕಿಸಿಕೊಳ್ಳಲಿ.

ಎರಡರಿಂದ ಆರು ವರ್ಷದ ತನಕ ಹೊಸ ತಿನಿಸಿಗೆ ಹೆದರುವುದು ಮಕ್ಕಳ ಸ್ವಭಾವ. ಹಸಿರು ಕಂಡರೆ ಅನುಮಾನ, ಕಹಿ ಇದ್ದರಂತೂ ಮುಗಿಯಿತು. ಇದರಲ್ಲಿ ಹುಟ್ಟುಗುಣದ ಪಾಲು ದೊಡ್ಡದು. 2007ರಲ್ಲಿ ಬ್ರಿಟನ್ನಿನಲ್ಲಿ ಅವಳಿ ಮಕ್ಕಳನ್ನು ಇಟ್ಟುಕೊಂಡು ಲೆಕ್ಕ ಹಾಕಿದಾಗ, ಈ ಹೆದರಿಕೆ ಒಬ್ಬರಿಂದ ಒಬ್ಬರಿಗೆ ಬೇರೆಯಾಗುವುದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ವಂಶದಿಂದಲೇ ಬರುತ್ತದೆ ಎಂದು ಸಿಕ್ಕಿತು. ನಿಮ್ಮ ಗಂಡ ಸಣ್ಣವರಿದ್ದಾಗ ಏನು ತಿನ್ನುತ್ತಿದ್ದರು ಎಂದು ಅತ್ತೆಯವರಲ್ಲಿ ಒಮ್ಮೆ ಕೇಳಿ. ನೀವು ಸಾಕಿದ್ದರಲ್ಲಿ ತಪ್ಪಾಯಿತು ಎಂದು ತಲೆ ಬಿಸಿ ಮಾಡಿಕೊಳ್ಳಬೇಡಿ.

ಆದರೆ ಊಟದ ಹೊತ್ತು ಜಗಳ ಆಗುವುದು ಸ್ವಭಾವದಿಂದಲ್ಲ. ಅದು ನಾವು ಕಟ್ಟಿದ್ದು. ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ್ದು ತರಕಾರಿಯಲ್ಲ, "ಒಂದು ಗಂಟೆ ಹಿಂದೆ ಓಡಬೇಕು" ಎಂದು ಬರೆದಿದ್ದೀರಲ್ಲ, ಆ ಸಾಲು.

ಎಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರ ತಜ್ಞೆ ಮಕ್ಕಳ ಊಟದ ಕೆಲಸವನ್ನು ಎರಡು ಪಾಲು ಮಾಡಿದರು. ಏನು ಕೊಡುವುದು, ಯಾವಾಗ, ಎಲ್ಲಿ ಕೂತು, ಇದು ದೊಡ್ಡವರ ಪಾಲು. ಎಷ್ಟು ತಿನ್ನುವುದು, ತಿನ್ನುವುದಾ ಬೇಡವಾ, ಇದು ಮಗುವಿನ ಪಾಲು. ಕೇಳುವಾಗ ಸುಲಭ, ಮಾಡುವಾಗ ಕಷ್ಟ. ನಮ್ಮ ಮನೆಗಳಲ್ಲಿ ಇದು ಪೂರ್ತಿ ಉಲ್ಟಾ ಆಗಿರುತ್ತದೆ. ಏನು ಬೇಕು, ಯಾವಾಗ ಬೇಕು ಎಂದು ಮಗು ಹೇಳುತ್ತದೆ, ಎಷ್ಟು ತಿನ್ನಬೇಕೆಂದು ನಾವು ಹಟ ಹಿಡಿಯುತ್ತೇವೆ.

ಹಾಗೆಂದು ಇದು ನಮಗೆ ಗೊತ್ತಿಲ್ಲದ್ದೇನಲ್ಲ. ಪೂಜೆ, ಮದುವೆ ಮನೆಯ ಊಟದ ಹಂತಿಯಲ್ಲಿ ಮಕ್ಕಳನ್ನು ಗಮನಿಸಿ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಎರಡು ಬಗೆ ಪಲ್ಯ, ಎಲ್ಲವೂ ಮಗುವಿನ ಎಲೆಗೂ ಒಂದೊಂದು ಚೂರು ಬೀಳುತ್ತದೆ. ಬಡಿಸುವವರಿಗೆ ನಿಂತು ನೋಡಲು ಪುರುಸೊತ್ತಿಲ್ಲ. ಪಕ್ಕದಲ್ಲಿ ಕೂತವರು ಅವರವರ ಊಟದಲ್ಲಿರುತ್ತಾರೆ. ಮಗು ಒಂದನ್ನು ನೆಕ್ಕುತ್ತದೆ, ಒಂದನ್ನು ಬೆರಳಿನಿಂದ ಬದಿಗೆ ಸರಿಸುತ್ತದೆ, ಪಾಯಸಕ್ಕೆ ಕಾಯುತ್ತದೆ. ಯಾರೂ ಬೈಯುವುದಿಲ್ಲ, ಹೊಗಳುವುದೂ ಇಲ್ಲ. ಮನೆಯ ಊಟದಲ್ಲಿ ಬೇಕಾಗಿರುವುದು ಇಷ್ಟೇ. ಸಾಧ್ಯವಾದರೆ ವಾರಕ್ಕೆ ಒಂದೆರಡು ದಿನ ಮನೆಯಲ್ಲೂ ಬಾಳೆಲೆ ಹಾಕಿ, ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ತೋಟದಲ್ಲಿ ಎಲೆಗೇನು ಬರಗಾಲವಿಲ್ಲ.

ಒತ್ತಾಯ ಮಾಡಿದರೆ ಕೆಲಸ ಕೆಡುತ್ತದೆ ಎನ್ನುವುದು ಬರೀ ನನ್ನ ಅಭಿಪ್ರಾಯವಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮೂರರಿಂದ ಐದು ವರ್ಷದ ಮಕ್ಕಳಿಗೆ ಕೆಲವು ವಾರ ಎರಡು ಬಗೆಯ ಸೂಪ್ ಕೊಟ್ಟು ನೋಡಿದರು. ಒಂದನ್ನು ಕೊಡುವಾಗ "ಸೂಪ್ ಮುಗಿಸು, ಪುಟ್ಟಾ" ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಇನ್ನೊಂದನ್ನು ಸುಮ್ನೆ ಮುಂದೆ ಇಡುತ್ತಿದ್ದರು. ಹೇಳದೇ ಇಟ್ಟ ಸೂಪನ್ನೇ ಮಕ್ಕಳು ಜಾಸ್ತಿ ಕುಡಿದರು. ಹೇಳಿ ಕೊಟ್ಟದ್ದರ ಬಗ್ಗೆ ದೂರೂ ಜಾಸ್ತಿ. 2006ರಲ್ಲಿ ಪ್ರಕಟವಾದ ಅಧ್ಯಯನ ಇದು. ಗಮನಿಸಿ, ಅಲ್ಲಿ ಯಾರೂ ಗದರಿಸಿರಲಿಲ್ಲ, ಮೆಲ್ಲಗೆ ಹೇಳಿದ್ದಷ್ಟೇ.

ಲಂಚವೂ ಒತ್ತಾಯವೇ. "ಪಲ್ಯ ತಿಂದರೆ ಚಾಕಲೇಟ್" ಎಂದಾಗ ಮಗುವಿಗೆ ಅರ್ಥವಾಗುವುದು, ಪಲ್ಯ ಎಷ್ಟು ಕೆಟ್ಟದ್ದೆಂದರೆ ಅದನ್ನು ತಿನ್ನಲು ಕೂಲಿ ಕೊಡಬೇಕು ಎಂದು. 1984ರಲ್ಲಿ ಮಜ್ಜಿಗೆಯಂಥ ಒಂದು ಪಾನೀಯ ಕುಡಿದದ್ದಕ್ಕೆ ಬಹುಮಾನ ಕೊಟ್ಟು ನೋಡಿದಾಗ, ಬಹುಮಾನ ಸಿಕ್ಕ ಮಕ್ಕಳಿಗೆ ಆ ಪಾನೀಯದ ಮೇಲಿದ್ದ ಇಷ್ಟ ಇನ್ನೂ ಇಳಿದಿತ್ತು. ಒಂದು ಕಾಳಿನಷ್ಟು ರುಚಿ ನೋಡಿದ್ದಕ್ಕೆ ಸ್ಟಿಕ್ಕರ್ ಕೊಡುವುದರಿಂದ ಉಪಯೋಗವಾದ ಉದಾಹರಣೆಗಳೂ ಇವೆ, ಅದಕ್ಕೆ ನನ್ನ ಅಡ್ಡಿಯಿಲ್ಲ. ತಿನಿಸಿಗೆ ತಿನಿಸನ್ನೇ ಬಹುಮಾನ ಮಾಡಬೇಡಿ.

ಈಗ ನಿಮ್ಮ ಮನೆಯ ದಿನಚರಿಗೆ ಬರೋಣ. ನಾಲ್ಕೈದು ಲೋಟ ಹಾಲು, ನಡುನಡುವೆ ಬಿಸ್ಕತ್ತು. ಈ ಮಗುವಿಗೆ ಹಸಿವಾಗಲು ಜಾಗವೇ ಇಲ್ಲ! ಹಾಲು ಒಳ್ಳೆಯದೇ, ಆದರೆ ದಿನಕ್ಕೆ ಅರ್ಧ ಲೀಟರ್ ದಾಟಬಾರದು. ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೆಂದೇ ಹೇಳಬೇಕು, ಅದು ಹೊಟ್ಟೆ ತುಂಬಿಸಿ ಕಬ್ಬಿಣ ಇರುವ ಊಟಕ್ಕೆ ಅಡ್ಡ ನಿಲ್ಲುತ್ತದೆ. ಬೆಳಗ್ಗೆ ಒಂದು, ರಾತ್ರಿ ಊಟದ ನಂತರ ಒಂದು ಸಣ್ಣ ಲೋಟ ಸಾಕು, ಮೊಸರು ಹೇಗೂ ತಿನ್ನುತ್ತಾಳೆ. ಊಟ, ತಿಂಡಿಯ ನಡುವೆ ಎರಡೂವರೆ ಮೂರು ಗಂಟೆ ಬಿಡಿ, ಆಗ ನೀರು ಬಿಟ್ಟು ಬೇರೇನೂ ಬೇಡ. ಅಜ್ಜನ ಲೋಟದಿಂದ ಎರಡು ಗುಟುಕು ಚಾ ಕುಡಿಯುವ ಅಭ್ಯಾಸ ನಮ್ಮ ಕಡೆ ತುಂಬ ಮಕ್ಕಳಿಗೆ ಇದೆ. ನಿಮ್ಮಲ್ಲಿ ಇದ್ದರೆ ಅದೂ ನಿಲ್ಲಲಿ, ಚಾ ಕಬ್ಬಿಣ ಮೈಗೆ ಹಿಡಿಯದಂತೆ ಮಾಡುತ್ತದೆ.

ಊಟಕ್ಕೆ ಅರ್ಧ ಗಂಟೆ. ಅಷ್ಟಾದ ಮೇಲೆ ಬಟ್ಟಲು ಎತ್ತಿ, ಮುಖ ಗಂಟು ಹಾಕದೆ. "ಸಾಕಾ? ಸರಿ, ಕೈ ತೊಳಿ" ಎಂದರೆ ಮುಗಿಯಿತು. ಮುಂದಿನ ಹೊತ್ತಿನ ತನಕ ಬಿಸ್ಕತ್ತು ಇಲ್ಲ. ಮೊದಲ ಮೂರು ನಾಲ್ಕು ದಿನ ಕಷ್ಟ, ಅಳುತ್ತಾಳೆ. ಪ್ರತಿ ಊಟದಲ್ಲೂ ಅವಳಿಗೆ ಇಷ್ಟವಾದ ಒಂದು ಪದಾರ್ಥ ಇದ್ದೇ ಇರಲಿ, ಮೊಸರನ್ನವೇ ಆಗಲಿ. ಅದಿದ್ದರೆ ಅವಳು ಖಾಲಿ ಹೊಟ್ಟೆಯಲ್ಲಿ ಮಲಗಿದಳು ಎಂಬ ಸಂಕಟ ನಿಮಗಿರುವುದಿಲ್ಲ.

ಫೋನಿನ ಬಗ್ಗೆ ಉದ್ದ ಮಾತು ಬೇಡ. ಫೋನ್ ನೋಡುತ್ತಾ ತಿಂದ ಮಗುವಿಗೆ ತಾನು ಏನು ತಿಂದೆ ಎಂದೇ ಗೊತ್ತಿರುವುದಿಲ್ಲ, ಹಾಗಾದರೆ ಆ ರುಚಿ ಅಭ್ಯಾಸವಾಗುವುದು ಹೇಗೆ? ನಿಲ್ಲಿಸಿ. ದೊಡ್ಡವರ ಫೋನೂ ಸೇರಿ.

ಇನ್ನು ಹೊಸ ರುಚಿ ಕಲಿಸುವ ಕೆಲಸ. ಇದಕ್ಕೆ ನಮ್ಮ ಅಡುಗೆಯಷ್ಟು ಅನುಕೂಲ ಬೇರೆ ಇಲ್ಲ ಎಂದು ನನಗನಿಸುತ್ತದೆ. ಮಗು ತಿನ್ನುವ ಪದಾರ್ಥದಿಂದ ತಿನ್ನದ ಪದಾರ್ಥಕ್ಕೆ ಒಂದೊಂದೇ ಮೆಟ್ಟಿಲು ಕಟ್ಟಬೇಕು, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಬಣ್ಣವೋ, ರುಚಿಯೋ, ಮೆತ್ತಗೆ ಗಟ್ಟಿ ಎನ್ನುವುದೋ, ಯಾವುದಾದರೂ ಒಂದು. ನಿಮ್ಮ ಮಗಳ ಪಟ್ಟಿ ನೋಡಿ: ಅನ್ನ, ಮೊಸರು, ನೀರುದೋಸೆ, ಹಾಲು. ಎಲ್ಲ ಬಿಳಿ, ಎಲ್ಲ ಮೆತ್ತಗೆ, ಯಾವುದಕ್ಕೂ ಖಾರವಿಲ್ಲ. ಅವಳಿಗೆ ಬೀನ್ಸ್ ಪಲ್ಯ ತಂದಿಟ್ಟರೆ ಒಂದೇ ಸಲ ಮೂರೂ ಬದಲಾದ ಹಾಗೆ. ದೂಡದೆ ಏನು ಮಾಡಿಯಾಳು?

ಮೊಸರನ್ನದಿಂದ ಜೀರಿಗೆ ತಂಬುಳಿಗೆ ಒಂದೇ ಮೆಟ್ಟಿಲು. ಕಾಯಿತುರಿ, ಚೂರು ಜೀರಿಗೆ ಅರೆದು ಮಜ್ಜಿಗೆಗೆ ಹಾಕಿದರೆ ಬಣ್ಣ ಬಿಳಿಯೇ, ಪರಿಮಳ ಮಾತ್ರ ಹೊಸತು. ಮಕ್ಕಳಿಗೆ ಮೆಣಸು ಬೇಡ. ಅದು ಒಗ್ಗಿದ ಮೇಲೆ ಅದಕ್ಕೇ ಎರಡು ಎಲೆ ಒಂದೆಲಗ ಹಾಕಿ. ತೋಟದ ಬದಿಯಿಂದ ಕಿತ್ತು ತರುವುದು, ತೊಳೆಯುವುದು, ಮಿಕ್ಸಿಗೆ ಹಾಕುವುದು ಅವಳೇ ಮಾಡಲಿ. ತಿಳಿ ಹಸಿರು ಬಂದಾಗ "ನೀನು ಮಾಡಿದ್ದು" ಎಂದಷ್ಟೇ ಹೇಳಿ. ಕುಡಿದರೂ ಸರಿ, ಬೆರಳದ್ದಿ ನೋಡಿದರೂ ಸರಿ. ಇನ್ನೊಂದು ದಾರಿ ಮೇಲಾರದ್ದು, ಅಂದರೆ ಮಜ್ಜಿಗೆ ಹುಳಿಯದ್ದು. ಬೂದುಗುಂಬಳದ ಮೇಲಾರ ಬಿಳಿಯಾಗಿಯೇ ಇರುತ್ತದೆ, ಮೊಸರು ಕಾಯಿಯ ರುಚಿ ಅವಳಿಗೆ ಗೊತ್ತಿರುವಂಥದ್ದೇ. ಮೊದಲು ಬರೀ ರಸ. ಆಮೇಲೆ ಒಂದು ಹೋಳು ಬಟ್ಟಲಿನ ಬದಿಯಲ್ಲಿ ಕೂತಿರಲಿ. ಬೂದುಗುಂಬಳ ಒಪ್ಪಿದ ಮಗುವಿಗೆ ಚೀನಿಕಾಯಿ (ಸಿಹಿಗುಂಬಳ) ಹತ್ತಿರ, ಯಾಕೆಂದರೆ ಅದು ಸಿಹಿ. ಅಲ್ಲಿಂದ ಕ್ಯಾರೆಟ್ ದೂರವಿಲ್ಲ.

ದೋಸೆಯ ಕಡೆಯಿಂದಲೂ ಹೋಗಬಹುದು. ನೀರುದೋಸೆಯಲ್ಲಿ ಅಕ್ಕಿ ಬಿಟ್ಟು ಬೇರೇನೂ ಇಲ್ಲ, ಮೇಲೆ ಸಕ್ಕರೆ. ಸಕ್ಕರೆಯ ಜಾಗಕ್ಕೆ ಕಾಯಿತುರಿ ಬೆಲ್ಲ ಬರಲಿ. ಬೆಲ್ಲವೂ ಸಿಹಿಯೇ, ಅದನ್ನು ನಿಧಾನಕ್ಕೆ ಕಡಿಮೆ ಮಾಡುತ್ತಾ ಬನ್ನಿ, ಕಾಯಿ ಉಳಿಯುತ್ತದೆ. ಅದೇ ಕಾವಲಿಯಲ್ಲಿ, ಅದೇ ಅಳತೆಯಲ್ಲಿ ಸೌತೆಕಾಯಿ ದೋಸೆ ಹೊಯ್ಯಿರಿ. ಬೇಸಗೆಯಲ್ಲಿ ಹಲಸಿನಕಾಯಿ ದೋಸೆ ತೆಳ್ಳಗೆ, ಗರಿಗರಿಯಾಗಿ ಮಾಡಿ. ಕುರುಕುರು ಎನ್ನುವುದಕ್ಕೆ ಮಕ್ಕಳು ಬೇಗ ಸೋಲುತ್ತಾರೆ. ನೆನೆಸಿದ ಹೆಸರನ್ನು ಅಕ್ಕಿಯ ಜೊತೆ ಅರೆದು ಮಾಡಿದ ದೋಸೆಯಂತೂ ನಿಮ್ಮ ಮನೆಗೆ ಬೇಕೇ ಬೇಕು, ಮೊಟ್ಟೆ ಮೀನು ಇಲ್ಲದಲ್ಲಿ ಕಾಳುಗಳೇ ಆಧಾರ. ಹೆಸರು, ಹುರುಳಿ, ಅಲಸಂಡೆ, ಎಳ್ಳು ಕಬ್ಬಿಣಕ್ಕೆ ಒಳ್ಳೆಯವು. ಜೊತೆಗೆ ಎರಡು ಹನಿ ನಿಂಬೆರಸವೋ ಒಂದು ತುಂಡು ಪೇರಳೆಯೋ ಇದ್ದರೆ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ಇಡೀ ನೆಲಗಡಲೆ ಮಾತ್ರ ಐದು ವರ್ಷದ ತನಕ ಬೇಡ, ಉಸಿರಿನ ನಾಳಕ್ಕೆ ಹೋಗುತ್ತದೆ. ಕುಟ್ಟಿ ಪುಡಿ ಮಾಡಿ ಕೊಡಿ.

ಬಸಳೆ, ಬೆಂಡೆಯಂಥ ಲೋಳೆ ಇರುವುದರಿಂದ ಶುರು ಮಾಡಬೇಡಿ. ಹಾಗಲಕಾಯಿಯ ಸುದ್ದಿಯೇ ಈಗ ಬೇಡ. ಕಹಿ ನಮಗಿಂತ ಮಕ್ಕಳ ನಾಲಿಗೆಗೆ ಜಾಸ್ತಿ ತಟ್ಟುತ್ತದೆ. ದೊಡ್ಡವಳಾದ ಮೇಲೆ ತಾನಾಗಿ ತಿಂದಾಳು, ತಿನ್ನದಿದ್ದರೂ ನಷ್ಟವಿಲ್ಲ. ಹಾಗಲಕಾಯಿ ತಿನ್ನದೆ ಎಪ್ಪತ್ತು ದಾಟಿದವರು ಪ್ರತಿ ಮನೆಯಲ್ಲೂ ಇದ್ದಾರೆ.

ಒಂದು ಹೊಸ ಪದಾರ್ಥ ಒಪ್ಪಿಗೆಯಾಗಲು ಎಂಟರಿಂದ ಹದಿನೈದು ಸಲ ಬಟ್ಟಲಿಗೆ ಬರಬೇಕು. ಕೆಲವು ಮಕ್ಕಳಿಗೆ ಅದಕ್ಕಿಂತಲೂ ಜಾಸ್ತಿ. ಹೆಚ್ಚಿನ ಮನೆಗಳಲ್ಲಿ ಮೂರು ನಾಲ್ಕು ಸಲಕ್ಕೆ "ಅವಳಿಗೆ ಅದು ಆಗುವುದಿಲ್ಲ" ಎಂದು ತೀರ್ಪು ಬಂದು, ಆ ತರಕಾರಿ ಅವಳ ಬಟ್ಟಲಿನಿಂದ ಶಾಶ್ವತವಾಗಿ ಹೋಗುತ್ತದೆ. ಹಾಗೆ ಮಾಡಬೇಡಿ. ಅವಳೆದುರೇ "ಇವಳು ತರಕಾರಿ ತಿನ್ನುವುದಿಲ್ಲ" ಎಂದು ನೆಂಟರಲ್ಲಿ ಹೇಳುವುದಂತೂ ಬೇಡ, ಅದನ್ನೇ ಅವಳು ಉಳಿಸಿಕೊಳ್ಳುತ್ತಾಳೆ. ಒಂದು ಹೋಳು, ಚಿಟಿಕೆ ಪಲ್ಯ, ಎರಡು ದಿನಕ್ಕೊಮ್ಮೆ. ನೋಡುವುದು, ಮುಟ್ಟುವುದು, ಮೂಸುವುದು, ಬಾಯಿಗಿಟ್ಟು ಉಗುಳುವುದು, ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಉಗುಳಲು ಬದಿಗೆ ಒಂದು ತುಂಡು ಬಾಳೆಲೆ ಇಡಿ. ಉಗುಳಬಹುದು ಎಂದು ಗೊತ್ತಿದ್ದರೆ ಬಾಯಿಗಿಡಲು ಧೈರ್ಯ ಬರುತ್ತದೆ.

ತರಕಾರಿಯನ್ನು ರುಬ್ಬಿ ಹಿಟ್ಟಿನಲ್ಲಿ ಅಡಗಿಸಿ ಕೊಡಬಹುದಾ ಎಂದು ಹಲವರು ಕೇಳುತ್ತಾರೆ. ಸತ್ವ ಹೊಟ್ಟೆಗೆ ಹೋಗುತ್ತದೆ, ಕೊಡಿ. ಆದರೆ "ಇದರಲ್ಲಿ ಏನೂ ಹಾಕಿಲ್ಲ" ಎಂದು ಸುಳ್ಳು ಹೇಳಬೇಡಿ. ಒಮ್ಮೆ ಸಿಕ್ಕಿಬಿದ್ದರೆ ಇದ್ದ ನೀರುದೋಸೆಯೂ ಹೋಗುತ್ತದೆ.

ಅಂಗನವಾಡಿಯಲ್ಲಿ ತಿನ್ನುತ್ತಾಳೆ, ಮನೆಯಲ್ಲಿ ಇಲ್ಲ ಎಂದಿರಿ. ಅದು ನಿಮಗೆ ಸಿಕ್ಕಿದ ಒಳ್ಳೆಯ ಸುದ್ದಿ. ಅವಳ ನಾಲಿಗೆಗೂ ಹೊಟ್ಟೆಗೂ ದೋಷವಿಲ್ಲ ಎಂದು ಅರ್ಥ. ಅಲ್ಲಿ ಎಲ್ಲ ಮಕ್ಕಳೂ ಒಂದೇ ಹೊತ್ತಿಗೆ, ಒಂದೇ ಪದಾರ್ಥ, ತಮ್ಮ ಕೈಯಿಂದಲೇ ತಿನ್ನುತ್ತಾರೆ. ಬೇಡವೆಂದವರಿಗೆ ಬೇರೆ ಮಾಡಿಕೊಡುವವರಿಲ್ಲ. ಓರಗೆಯ ಮಕ್ಕಳು ಇಷ್ಟಪಟ್ಟು ತಿನ್ನುವ ತರಕಾರಿಯ ಕಡೆಗೆ ಮಕ್ಕಳ ಆಯ್ಕೆ ತಿರುಗುತ್ತದೆ ಎನ್ನುವುದನ್ನು 1980ರಷ್ಟು ಹಿಂದೆಯೇ ಪರೀಕ್ಷಿಸಿ ನೋಡಿದ್ದಾರೆ. ಪಕ್ಕದ ಮನೆಯ ಮಕ್ಕಳನ್ನು ಭಾನುವಾರ ತಿಂಡಿಗೆ ಕರೆಯಿರಿ. ಅವರ ಮನೆಯ ಪುಟ್ಟು ಕಡಲೆಗೆ ಇವಳನ್ನೂ ಕಳಿಸಿ. ನಮ್ಮ ಊರಲ್ಲಿ ನಾಲ್ಕು ಭಾಷೆಯ ಅಡುಗೆ ಒಂದೇ ಓಣಿಯಲ್ಲಿ ಸಿಗುತ್ತದೆ, ಅದನ್ನು ಬಳಸಿಕೊಳ್ಳಿ. ಅಂದ ಹಾಗೆ, ಮಕ್ಕಳ ಮಾತು ಕೇಳಬಾರದು ಎಂದೇನೂ ನಾನು ಹೇಳುತ್ತಿಲ್ಲ. 2025ರಲ್ಲಿ ಅಂಗನವಾಡಿಯ ಉಪ್ಪಿಟ್ಟು ಸಾಕು, ಬಿರಿಯಾನಿ ಬೇಕು ಎಂದು ಪುಟ್ಟ ಹುಡುಗನೊಬ್ಬ ಹೇಳಿದ ವಿಡಿಯೋ ಕೇರಳದಲ್ಲೆಲ್ಲ ಓಡಾಡಿತು. ಸರಕಾರ ಪಟ್ಟಿ ಬದಲಿಸಿ ಮೊಟ್ಟೆ ಬಿರಿಯಾನಿ ಸೇರಿಸಿತು! ನೀವೂ "ಇವತ್ತು ತೊಂಡೆಕಾಯಿಯಾ, ಅಲಸಂಡೆಯಾ?" ಎಂದು ಕೇಳಬಹುದು. ಆಯ್ಕೆ ಎರಡೇ ಇರಲಿ, ಎರಡೂ ನಿಮಗೆ ಒಪ್ಪಿಗೆಯಾದದ್ದಿರಲಿ.

ಅತ್ತೆಯವರ ಜೊತೆ ಇದಕ್ಕಾಗಿ ಜಗಳ ಮಾಡಬೇಡಿ. ಮಗು ಹಸಿದಿರಬಾರದು ಎನ್ನುವುದು ಅವರ ಪ್ರೀತಿ, ಬಿಸ್ಕತ್ತು ಕೈಗೆ ಸುಲಭಕ್ಕೆ ಸಿಗುತ್ತದೆ, ಅಷ್ಟೇ. ಬಿಸ್ಕತ್ತನ್ನು ಮನೆಗೆ ತರುವುದನ್ನೇ ಕಡಿಮೆ ಮಾಡಿ. ಸಂಜೆ ನಾಲ್ಕರ ತಿಂಡಿಯನ್ನು ಅವರಿಗೇ ವಹಿಸಿ: ಅವಲಕ್ಕಿಗೆ ಕಾಯಿ ಬೆಲ್ಲ, ಬೇಯಿಸಿದ ಗೆಣಸು, ಬಾಳೆಹಣ್ಣು, ಹಲಸಿನ ಹಣ್ಣಿನ ಕಾಲದಲ್ಲಿ ಎಲೆಯಲ್ಲಿ ಬೇಯಿಸಿದ ಕೊಟ್ಟಿಗೆ (ಕಡುಬು). "ನಿಮ್ಮ ಕೈಯ ಕೊಟ್ಟಿಗೆ ಅವಳಿಗೆ ಅಭ್ಯಾಸ ಮಾಡಿಸಿ ಅತ್ತೆ" ಎಂದರೆ ಯಾವ ಅಜ್ಜಿ ಬೇಡ ಎನ್ನುತ್ತಾರೆ? "ಡಾಕ್ಟ್ರು ಹೇಳಿದ್ದಾರೆ" ಎಂದು ನನ್ನ ಮೇಲೆ ಹಾಕಿದರೂ ಆಗಬಹುದು.

ಟಾನಿಕ್ ಬಗ್ಗೆ ನೇರವಾಗಿ ಹೇಳುತ್ತೇನೆ, ಬೇಡ. ಹಸಿವಿನ ಟಾನಿಕ್ ಎಂದು ಸಿಗುವ ಹಲವು ಸಿರಪ್‌ಗಳಲ್ಲಿ ಇರುವುದು ಸೈಪ್ರೋಹೆಪ್ಟಡೀನ್. ಅದು ಅಲರ್ಜಿಗೆ ಕೊಡುವ ಮದ್ದು. ಅದರಿಂದ ಮಗು ತೂಕಡಿಸುತ್ತದೆ, ಹಸಿವು ಸ್ವಲ್ಪ ಜಾಸ್ತಿಯಾಗುತ್ತದೆ, ನಿಲ್ಲಿಸಿದ ಮೇಲೆ ಮೊದಲಿನ ಹಾಗೆಯೇ. ಜಾಸ್ತಿ ಹಸಿದ ಮಗು ತಿನ್ನುವುದೂ ಅದೇ ಮೊಸರನ್ನ, ಬಿಸ್ಕತ್ತು. ತರಕಾರಿಯ ಹೆದರಿಕೆಗೆ ಅದರಲ್ಲಿ ಮದ್ದಿಲ್ಲ. ಹಾಲಿಗೆ ಹಾಕುವ ಡಬ್ಬಿ ಪುಡಿಗಳಿಗೂ ದುಡ್ಡು ಹಾಕಬೇಡಿ, ಅವುಗಳಲ್ಲಿ ಹಲವಕ್ಕೆ ಸಕ್ಕರೆ ಚೆನ್ನಾಗಿ ಹಾಕಿರುತ್ತಾರೆ.

ಒಂದು ಪರೀಕ್ಷೆ ಮಾತ್ರ ಮಾಡಿಸಿ. ಇಷ್ಟು ಹಾಲು ಕುಡಿದು, ಕಾಳು ತರಕಾರಿ ಕಡಿಮೆ ತಿಂದ ಮಗುವಿಗೆ ರಕ್ತಹೀನತೆ ಇರುವ ಸಾಧ್ಯತೆ ಜಾಸ್ತಿ, ರಕ್ತಹೀನತೆಯೇ ಹಸಿವನ್ನು ಕೆಡಿಸುತ್ತದೆ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡಿಸಿ. 11ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣದ ಸಿರಪ್ ಎಷ್ಟು ಕೊಡಬೇಕೆಂದು ಅಲ್ಲಿಯ ಡಾಕ್ಟ್ರು ಹೇಳುತ್ತಾರೆ. ಅಂಗನವಾಡಿಯಲ್ಲಿ ಕೊಡುವ ಹುಳದ ಮಾತ್ರೆ ತಪ್ಪಿಸಬೇಡಿ. ಮಲಬದ್ಧತೆ ಇದೆಯಾ ಎಂದೂ ಗಮನಿಸಿ, ಎರಡು ಮೂರು ದಿನಕ್ಕೊಮ್ಮೆ ಕಷ್ಟಪಟ್ಟು ಹೋಗುವ ಮಗುವಿಗೆ ಊಟ ಬೇಡವಾಗುತ್ತದೆ.

ತೂಕ ಇಳಿಯುತ್ತಾ ಬಂದರೆ, ನುಂಗುವಾಗ ನೋವು, ಕೆಮ್ಮು ಅಥವಾ ಪ್ರತಿ ಊಟಕ್ಕೂ ಓಕರಿಕೆ ಇದ್ದರೆ, ಇರುವ ನಾಲ್ಕು ಪದಾರ್ಥಗಳಲ್ಲೂ ಒಂದೊಂದನ್ನು ಬಿಡುತ್ತಾ ಹೋದರೆ, ಮಾತು ತಡವಾಗಿದ್ದು ಶಬ್ದ, ಬಟ್ಟೆ, ಸ್ಪರ್ಶ ಎಲ್ಲದಕ್ಕೂ ಕಿರಿಕಿರಿ ಮಾಡಿದರೆ ಕಾಯಬೇಡಿ, ಮಕ್ಕಳ ಡಾಕ್ಟ್ರಿಗೆ ತೋರಿಸಿ. ಆಗ ಇದು ಬರೀ ಹಟವಲ್ಲ, ಅದಕ್ಕೆ ಬೇರೆಯೇ ತರಬೇತಿ ಬೇಕಾಗುತ್ತದೆ. ಇವು ಯಾವುದೂ ಇಲ್ಲದಿದ್ದರೆ ಮನೆಯಲ್ಲಿ ವಾರವಾರ ತೂಗುವ ಕೆಲಸ ಬೇಡ. ಅಂಗನವಾಡಿಯ ಕಾರ್ಡಿನಲ್ಲಿ ಮೂರು ತಿಂಗಳಿಗೊಮ್ಮೆ ಗೆರೆ ನೋಡಿದರೆ ಸಾಕು.